ಮೈದಾನ ಊರಿನದು, ಆಟಗಾರ ಇನ್ನೊಬ್ಬರವನು

ಅಮೆರಿಕದ ಆಶ್‌ವಿಲ್ ಊರಿನ ಬೇಸ್‌ಬಾಲ್ ಮೈದಾನಕ್ಕೆ ನೊಣ ಹೊಡೆಯುವುದನ್ನು ಜನರಿಗೆ ಹೇಳಿಕೊಟ್ಟವನ ಹೆಸರಿದೆ. ಲೂಯಿಸ್ ಮೆಕಾರ್ಮಿಕ್ ಆ ಊರಿನ ಬ್ಯಾಕ್ಟೀರಿಯಾ ತಜ್ಞ. ಕಳೆದ ಶತಮಾನದ ಆರಂಭದಲ್ಲಿ, ಬೀದಿಗೊಂದು ಕುದುರೆ ಲಾಯವಿದ್ದ ಕಾಲದಲ್ಲಿ, ಮನೆನೊಣ ರೋಗ ಹರಡುತ್ತದೆ, ಕಂಡಲ್ಲಿ ಹೊಡೆಯಿರಿ ಎಂದು ಚಳವಳಿಯನ್ನೇ ಹೂಡಿದ. ಅದು ಊರಿನ ಗಡಿ ದಾಟಿ ಬೇರೆ ಕಡೆಗೂ ಹರಡಿತು. ಆತ ತೀರಿಕೊಂಡ ಮೇಲೆ, 1924ರಲ್ಲಿ, ಗುಡ್ಡದ ಮಗ್ಗುಲು ಕಡಿದು ಕಟ್ಟಿದ ಹೊಸ ಮೈದಾನಕ್ಕೆ ಮೆಕಾರ್ಮಿಕ್ ಫೀಲ್ಡ್ ಎಂದು ಹೆಸರಿಟ್ಟರು. ಆ ವಸಂತದಲ್ಲೇ ಟೈ ಕಾಬ್ ನಾಯಕತ್ವದ ಡೆಟ್ರಾಯಿಟ್ ಟೈಗರ್ಸ್ ತಂಡ ಇಲ್ಲಿಗೆ ಬಂದು ಪ್ರದರ್ಶನ ಪಂದ್ಯ ಆಡಿತು. ಕಾಬ್ ಎಂದರೆ ಆ ಕಾಲದ ಬೇಸ್‌ಬಾಲಿನ ದೊಡ್ಡ ಹೆಸರು.

ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮ ತುದಿಯಲ್ಲಿ, ಬ್ಲೂ ರಿಜ್ ಪರ್ವತಗಳ ನಡುವೆ ಇರುವ ಊರು ಆಶ್‌ವಿಲ್. ಜನಸಂಖ್ಯೆ ಒಂದು ಲಕ್ಷಕ್ಕೂ ಕಡಿಮೆ. ಷಾರ್ಲೆಟ್‌ನಲ್ಲಿರುವ ನನ್ನ ಅಕ್ಕನ ಮಗ ಬೇಸಿಗೆಯ ಒಂದು ಗುರುವಾರ ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದ. ಅವನೂರಲ್ಲೇ ಆಶ್‌ವಿಲ್ ತಂಡಕ್ಕಿಂತ ಮೇಲಿನ ದರ್ಜೆಯ ತಂಡವೊಂದಿದೆ, ಗಾಜಿನ ಕಟ್ಟಡಗಳ ನಡುವೆ ಹೊಸ ಮೈದಾನವಿದೆ. ಮತ್ತೇಕೆ ಎರಡು ಗಂಟೆ ದಾರಿ ಸವೆಸಬೇಕು ಎಂದರೆ, "ಮಾವ, ಅಲ್ಲಿ ಆಟ ನೋಡಬಹುದು. ಇಲ್ಲಿ ಊರು ನೋಡಬಹುದು" ಅಂದ. ಹುಡುಗ ಸರಿಯಾಗಿಯೇ ಹೇಳಿದ್ದ.

ಡೌನ್‌ಟೌನಿನಿಂದ ನಡೆದೇ ಹೋಗುವಷ್ಟು ಹತ್ತಿರ. ಕೊನೆಯಲ್ಲಿ ಚಿಕ್ಕ ಏರು. ಒಳಗೆ ಕೂರಬಹುದಾದವರು ಸುಮಾರು 4,000 ಜನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತನೇ ಒಂದು ಪಾಲು ಎನ್ನಿ. ಎಲ್ಲಿ ಕೂತರೂ ಪಿಚರ್ ಎಸೆದ ಚೆಂಡು ಕ್ಯಾಚರನ ಕೈಗವಸಿಗೆ ಬಡಿಯುವ ಸದ್ದು ಕೇಳುತ್ತದೆ. ಅಂಪೈರ್ ಜೊತೆಗಿನ ಜಗಳವೂ ಕೇಳುತ್ತದೆ, ಬೈಗುಳ ಸಮೇತ. ಔಟ್‌ಫೀಲ್ಡಿನ ಗೋಡೆಯಾಚೆ ಮರಗಳು ದಟ್ಟವಾಗಿ ಗುಡ್ಡ ಹತ್ತಿಹೋಗುತ್ತವೆ. ಗುಡ್ಡದ ಒತ್ತಿನಿಂದಾಗಿ ಬಲಗಡೆಗೆ ಜಾಗವೇ ಇಲ್ಲ. ಬ್ಯಾಟರ್ ನಿಂತಲ್ಲಿಂದ ಬಲ ಗೋಡೆಗೆ ಮುನ್ನೂರು ಅಡಿಯ ಆಸುಪಾಸು ಅಷ್ಟೆ. ಗೋಡೆ ದಾಟಿಸುವ ಹೊಡೆತ, ಅಂದರೆ ಹೋಮ್ ರನ್, ಅಗ್ಗವಾಗಬಾರದೆಂದು ಗೋಡೆಯನ್ನು 36 ಅಡಿ ಎತ್ತರಕ್ಕೆ ಎಬ್ಬಿಸಿದ್ದಾರೆ. ಬಾಸ್ಟನ್ನಿನ ಫೆನ್‌ವೇ ಪಾರ್ಕಿನ ಜಗತ್ಪ್ರಸಿದ್ಧ ಹಸಿರು ಗೋಡೆಗಿಂತ ಇದು ಒಂದೇ ಅಡಿ ಗಿಡ್ಡ. ಆದರೂ ಇಲ್ಲಿ ಚೆಂಡು ಗುಡ್ಡಕ್ಕೆ ಹಾರುತ್ತಲೇ ಇರುತ್ತದೆ. 1961ರಲ್ಲಿ ಇಲ್ಲಿ ಆಡಿದ ವಿಲ್ಲಿ ಸ್ಟಾರ್ಜೆಲ್ ಹಾಗೆ ಹಾರಿಸಿ ಹಾರಿಸಿ 'ಗುಡ್ಡದ ವಿಲ್' ಎಂಬರ್ಥದ ಅಡ್ಡಹೆಸರು ಪಡೆದ. ಮುಂದೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ದೊರೆಯಂತೆ ಮೆರೆದು, 1988ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಂಡಕ್ಕೆ ಒಂಬತ್ತು ಜನ, ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸಿನಲ್ಲಿ ತಂಡಕ್ಕೆ ಮೂರು ಔಟ್. ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ನೇರ ಬರುತ್ತದೆ. ಬ್ಯಾಟು ದುಂಡಗಿನದು, ಹೊಡೆದರೆ ಓಡಲೇಬೇಕು. ಕ್ರಿಕೆಟ್ ನೋಡಿ ಬೆಳೆದವರಿಗೆ ಅರ್ಧ ಗಂಟೆ ಸಾಕು. ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯುವುದು ಆಟದ ಹಿಂದಿನ ಏರ್ಪಾಟು.

ಆಶ್‌ವಿಲ್ ತಂಡದ ಹೆಸರು ಟೂರಿಸ್ಟ್ಸ್. ಆದರೆ ಅಂಗಿಯ ಮೇಲೆ ಈ ಹೆಸರು ತೊಟ್ಟು ಆಡುವ ಒಬ್ಬ ಹುಡುಗನೂ ಆಶ್‌ವಿಲ್ ತಂಡದ ನೌಕರನಲ್ಲ. ಎಲ್ಲರೂ 2021ರಿಂದ ಟೆಕ್ಸಾಸಿನ ಹ್ಯೂಸ್ಟನ್ ಆಸ್ಟ್ರೋಸ್ ಕ್ಲಬ್ಬಿನವರು. ಅದಕ್ಕೂ ಮೊದಲು, 1994ರಿಂದ, ಕೊಲೊರಾಡೊ ರಾಕೀಸ್‌ನವರು. ಸಂಬಳ, ಕೋಚು, ಡಾಕ್ಟರು, ಯಾರು ಯಾವ ದಿನ ಎಷ್ಟು ಚೆಂಡು ಎಸೆಯಬೇಕು ಎಂಬ ಲೆಕ್ಕ, ಎಲ್ಲವೂ ಹ್ಯೂಸ್ಟನ್ನಿನದು. ಸ್ಥಳೀಯ ಮಾಲೀಕ ಟಿಕೆಟ್ ಮಾರುತ್ತಾನೆ, ಬಿಯರ್ ಮಾರುತ್ತಾನೆ, ಟೋಪಿ ಮಾರುತ್ತಾನೆ. ಮೈದಾನ ನಗರಸಭೆಯ ಆಸ್ತಿ. ಹೀಗೆ ಆಟಗಾರ ಒಬ್ಬರವನು, ವ್ಯಾಪಾರ ಇನ್ನೊಬ್ಬರದು, ನೆಲ ಮೂರನೆಯವರದು. ಮೂವರೂ ಸೇರಿದರೆ ಒಂದು ಸಂಜೆಯ ಆಟ.

ಈ ಪದ್ಧತಿ ಶುರುವಾದದ್ದು 1920ರ ದಶಕದಲ್ಲಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕ್ಲಬ್ಬಿನ ಬ್ರಾಂಚ್ ರಿಕಿ ಎಂಬ ಚಾಣಾಕ್ಷನಿಗೆ ಹೊಳೆದ ಯೋಚನೆ ಅದು. ಹಣವಂತ ಕ್ಲಬ್ಬುಗಳ ಜೊತೆ ಹರಾಜಿನಲ್ಲಿ ಪೈಪೋಟಿಗಿಳಿಯಲು ಕೈಯಲ್ಲಿ ಕಾಸಿಲ್ಲ, ಆದ್ದರಿಂದ ಹುಡುಗರನ್ನು ಚಿಕ್ಕಂದಿನಲ್ಲೇ ಹಿಡಿದು, ಸಣ್ಣ ಊರುಗಳ ತಂಡಗಳಲ್ಲಿ ಬಿತ್ತಿ, ಬೆಳೆದವನನ್ನು ಕೊಯ್ದುಕೊಳ್ಳುವುದು. ಇವತ್ತಿಗೂ ಅದನ್ನು ಫಾರ್ಮ್ ಪದ್ಧತಿ ಎಂದೇ ಕರೆಯುತ್ತಾರೆ. ಮೂವತ್ತು ಮೇಜರ್ ಲೀಗ್ ಕ್ಲಬ್ಬುಗಳಿಗೂ ನಾಲ್ಕು ನಾಲ್ಕು ಮೆಟ್ಟಿಲಿನ ಏಣಿ ಇದೆ: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಇವೇ ಮೈನರ್ ಲೀಗುಗಳು. ಆಶ್‌ವಿಲ್ ಇರುವುದು ಕೆಳಗಿನಿಂದ ಎರಡನೇ ಮೆಟ್ಟಿಲಿನಲ್ಲಿ. ಇಲ್ಲಿ ಚೆನ್ನಾಗಿ ಆಡಿದವನು ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಗೆ ಹೋಗುತ್ತಾನೆ, ಅಲ್ಲಿಂದ ಶುಗರ್ ಲ್ಯಾಂಡಿಗೆ, ಆಮೇಲೆ ಹ್ಯೂಸ್ಟನ್ನಿಗೆ. ಬಹುಪಾಲು ಹುಡುಗರು ಕೊನೆಯ ಮೆಟ್ಟಿಲು ಮುಟ್ಟುವುದೇ ಇಲ್ಲ.

ಇದರ ಫಲವಾಗಿ ಒಂದು ವಿಚಿತ್ರ ಹುಟ್ಟುತ್ತದೆ. ಊರಿನ ತಂಡ ಗೆಲ್ಲಬೇಕೆಂಬ ತುರ್ತು ಆಟಗಾರನ ಯಜಮಾನನಿಗೆ ಇಲ್ಲವೇ ಇಲ್ಲ. ನಮ್ಮ ರಣಜಿ ತಂಡ ಆಡುವುದು ಕರ್ನಾಟಕ ಗೆಲ್ಲಲಿ ಎಂದು. ಇಲ್ಲಿ ಚೆನ್ನಾಗಿ ಎಸೆಯುತ್ತಿರುವ ಪಿಚರನನ್ನು ಐದನೇ ಇನಿಂಗ್ಸಿನಲ್ಲೇ ಕೂರಿಸುತ್ತಾರೆ, ಇವತ್ತಿನ ಅವನ ಲೆಕ್ಕ ಮುಗಿಯಿತು ಎಂದು. ಜುಲೈನಲ್ಲಿ ತಂಡ ಮೇಲಕ್ಕೇರುತ್ತಿದ್ದಾಗಲೇ ಒಳ್ಳೆಯ ಬ್ಯಾಟರನನ್ನು ಡಬಲ್ ಎಗೆ ಕರೆಸಿಕೊಳ್ಳುತ್ತಾರೆ. ನನ್ನ ಪಕ್ಕದ ಸೀಟಿನ ಹಿರಿಯರು ಪೆನ್ಸಿಲ್ ಹಿಡಿದು ಸ್ಕೋರು ಬರೆದುಕೊಳ್ಳುತ್ತಿದ್ದರು. ನಿಮಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದೆ. ಇಲ್ಲಿಂದ ಹೋದವನು ಟಿವಿಯಲ್ಲಿ ಕಂಡರೆ ಸಾಕು, ವಾಪಸು ಬಂದರೆ ಬೇಸರ ಎಂದರು.

ಹೀಗೆ ಹೋದವರ ಪಟ್ಟಿ ಚಿಕ್ಕದಲ್ಲ. 1995ರಲ್ಲಿ ಇಲ್ಲಿ ಮೊದಲ ಹೆಜ್ಜೆ ಇಟ್ಟ ಟಾಡ್ ಹೆಲ್ಟನ್ 2024ರಲ್ಲಿ ಹಾಲ್ ಆಫ್ ಫೇಮಿಗೆ ಆಯ್ಕೆಯಾದ. 1968ರಲ್ಲಿ ಇಲ್ಲಿ ಮ್ಯಾನೇಜರ್ ಆಗಿದ್ದ ಸ್ಪಾರ್ಕಿ ಆ್ಯಂಡರ್ಸನ್ ಮುಂದೆ ಸಿನ್ಸಿನಾಟಿ ಮತ್ತು ಡೆಟ್ರಾಯಿಟ್ ಎರಡನ್ನೂ ವರ್ಲ್ಡ್ ಸೀರೀಸ್ ಗೆಲ್ಲಿಸಿದ.

ಈ ಏಣಿಯ ಕೆಳ ಮೆಟ್ಟಿಲಲ್ಲಿ ಭಾರತದ ಇಬ್ಬರು ಹುಡುಗರೂ ನಿಂತಿದ್ದರು. 2008ರಲ್ಲಿ ನಮ್ಮ ದೇಶದಲ್ಲಿ ನಡೆದ ಚೆಂಡೆಸೆತದ ಸ್ಪರ್ಧೆಯೊಂದರಲ್ಲಿ ಮೇಲೆದ್ದು ಬಂದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಇಬ್ಬರೂ ಉತ್ತರ ಪ್ರದೇಶದವರು, ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಬೇಸ್‌ಬಾಲ್ ಚೆಂಡನ್ನೇ ಮುಟ್ಟದವರು ಕೆಲವೇ ತಿಂಗಳಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಡಿಸ್ನಿಯವರು 2014ರಲ್ಲಿ ಇವರ ಮೇಲೆ 'ಮಿಲಿಯನ್ ಡಾಲರ್ ಆರ್ಮ್' ಸಿನಿಮಾ ತೆಗೆದರು. ಸಿನಿಮಾ ಒಪ್ಪಂದದ ಹೊತ್ತಿಗೇ ಮುಗಿದುಹೋಗುತ್ತದೆ, ನಿಜವಾದ ಪಾಡು ಆಮೇಲಿನದು. ದಿನೇಶನನ್ನು 2010ರಲ್ಲಿ ಬಿಟ್ಟುಬಿಟ್ಟರು. ರಿಂಕು 2011ರಲ್ಲಿ ವೆಸ್ಟ್ ವರ್ಜೀನಿಯಾ ಪವರ್ ತಂಡದವರೆಗೆ ಏರಿದ. ಆಗ ಅದು ಆಶ್‌ವಿಲ್ ಆಡುವ ಸೌತ್ ಅಟ್ಲಾಂಟಿಕ್ ಲೀಗಿನದೇ ತಂಡ. ಅಲ್ಲಿಂದ ಮುಂದೆ ಗಾಯಗಳು ಕಾಡಿದವು. ಕೊನೆಗೆ ಅವನು ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋಗಿ ವೀರ್ ಮಹಾನ್ ಎಂಬ ಹೆಸರಲ್ಲಿ ಕಾಣಿಸಿಕೊಂಡ.

ಮೈನರ್ ಲೀಗಿನ ಹುಡುಗರು ಇಷ್ಟು ವರ್ಷ ಹೊಟ್ಟೆಗೆ ಏನು ತಿನ್ನುತ್ತಿದ್ದರು ಎಂಬುದು ಬೇಸ್‌ಬಾಲಿನ ನಾಚಿಕೆಗೇಡಿನ ಅಧ್ಯಾಯ. 2022ರವರೆಗೂ ಆಶ್‌ವಿಲ್ ದರ್ಜೆಯ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 11,000 ಡಾಲರ್. ಅಮೆರಿಕದಲ್ಲಿ ಒಬ್ಬಂಟಿಗನ ಬಡತನದ ರೇಖೆಗಿಂತ ಅದು ಕೆಳಗೆ. ಒಂದು ಬಾಡಿಗೆ ಮನೆಯಲ್ಲಿ ಐದಾರು ಜನ, ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ, ಚಳಿಗಾಲದಲ್ಲಿ ಗೋದಾಮಿನ ಕೆಲಸ. ಆಟಗಾರರು ಕೋರ್ಟಿಗೆ ಹೋದರೆ 2018ರಲ್ಲಿ ಸಂಸತ್ತಿನಲ್ಲಿ ಬಜೆಟ್ ಮಸೂದೆಯ ಹೊಟ್ಟೆಯೊಳಗೆ ಒಂದು ಕಾನೂನು ತೂರಿಸಿ, ಇವರಿಗೆ ಓವರ್‌ಟೈಮ್ ಹಕ್ಕಿಲ್ಲ ಎಂದು ಮಾಡಿದರು. ಆ ಕಾನೂನಿಗೆ 'ಅಮೆರಿಕದ ನೆಚ್ಚಿನ ಆಟವನ್ನು ಉಳಿಸುವ ಕಾಯ್ದೆ' ಎಂಬರ್ಥದ ಹೆಸರು ಬೇರೆ. ಹೆಸರಿಟ್ಟವನಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಕಡೆಗೂ ಹಳೆಯ ಬಾಕಿಯ ಮೊಕದ್ದಮೆಯಲ್ಲಿ ಕ್ಲಬ್ಬುಗಳು 18.5 ಕೋಟಿ ಡಾಲರ್ ಕೊಟ್ಟು ರಾಜಿಯಾದವು. 2022ರಲ್ಲಿ ಆಟಗಾರರು ಯೂನಿಯನ್ ಕಟ್ಟಿದರು. ಮರುವರ್ಷದ ಒಪ್ಪಂದದಲ್ಲಿ ಈ ದರ್ಜೆಯ ಸಂಬಳ 27,300 ಡಾಲರಿಗೆ ಏರಿತು. ಮೈದಾನದಲ್ಲಿ ನಾನು ನೋಡಿದ ಹುಡುಗರು ಈ ಹೊಸ ಲೆಕ್ಕದವರು. ವಸತಿಯೂ ಈಗ ಕ್ಲಬ್ಬಿನದೇ ಹೊಣೆ.

ಪಿಚರನ ಹಿಂದೆ ಗೋಡೆಯ ಮೇಲೊಂದು ಗಡಿಯಾರ ಇಳಿಮುಖವಾಗಿ ಎಣಿಸುತ್ತಿರುತ್ತದೆ. ಅಷ್ಟು ಸೆಕೆಂಡಿನೊಳಗೆ ಚೆಂಡೆಸೆಯದಿದ್ದರೆ ದಂಡ. ಈ ನಿಯಮ ದೊಡ್ಡ ಲೀಗಿಗೆ ಬಂದದ್ದು 2023ರಲ್ಲಿ. ಅದಕ್ಕೂ ಮೊದಲು 2022ರಲ್ಲಿ ಎಲ್ಲ ಮೈನರ್ ಲೀಗುಗಳಲ್ಲೂ ಪ್ರಯೋಗ ಮಾಡಿ, ಆಟ ಸರಾಸರಿ 25 ನಿಮಿಷ ಚಿಕ್ಕದಾದದ್ದನ್ನು ಕಂಡುಕೊಂಡರು. ಸ್ಟ್ರೈಕ್ ಹೌದೋ ಅಲ್ಲವೋ ಎಂದು ಕ್ಯಾಮೆರಾ ತೀರ್ಮಾನಿಸುವ ಪದ್ಧತಿಯನ್ನೂ ಸಣ್ಣ ಊರುಗಳ ಮೇಲೇ ಪರೀಕ್ಷಿಸಿದರು. ಮೈನರ್ ಲೀಗ್ ಆಟಗಾರ ದೊಡ್ಡವರ ಪ್ರಯೋಗಶಾಲೆಯ ಇಲಿಯೂ ಹೌದು.

ಮೈದಾನದ ಕಥೆಗೆ ಮರಳೋಣ, ಅದು ಆಟಗಾರರ ಕಥೆಗಿಂತ ರಸವತ್ತಾಗಿದೆ. 1925ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಇಲ್ಲಿ ಆಡಬೇಕಿತ್ತು. ತಂಡದಲ್ಲಿ ಬೇಸ್‌ಬಾಲಿನ ಮಹಾತಾರೆ ಬೇಬ್ ರೂತ್. ತಿರುವುಗಳ ಬೆಟ್ಟದ ದಾರಿಯಲ್ಲಿ ರೈಲು ಬಂದು ನಿಂತಾಗ ಆತ ಆಶ್‌ವಿಲ್ ನಿಲ್ದಾಣದಲ್ಲಿ ಕುಸಿದುಬಿದ್ದ. ಸತ್ತೇಹೋದ ಎಂಬ ಸುದ್ದಿ ಲಂಡನ್ನಿನವರೆಗೂ ಹಬ್ಬಿತು. ತಿಂದದ್ದು ಹೆಚ್ಚಾಯಿತು ಎಂದರು, ಬೇರೆ ರೋಗ ಎಂದೂ ಪಿಸುಗುಟ್ಟಿದರು. ಆ ವರ್ಷದ ರೂತನ ಹೊಟ್ಟೆನೋವು ಇಂದಿಗೂ ಬೇಸ್‌ಬಾಲ್ ಪುರಾಣದ ಭಾಗ. ಚೇತರಿಸಿಕೊಂಡ ರೂತ್ 1931ರಲ್ಲಿ ತನ್ನದೇ ತಂಡದ ಲೂ ಗೆರಿಗ್ ಜೊತೆ ಮತ್ತೆ ಬಂದು ಇದೇ ಮೈದಾನದಲ್ಲಿ ಆಡಿದ.

ರೂತ್ ಆಡಿದ ನೆಲದ ಮೇಲೆ ಕರಿಯರಿಗೆ ಬಿಳಿಯರ ತಂಡದಲ್ಲಿ ಜಾಗವಿರಲಿಲ್ಲ. 1940ರ ದಶಕದಲ್ಲಿ ಆಶ್‌ವಿಲ್ ಬ್ಲೂಸ್ ಎಂಬ ಕರಿಯರ ತಂಡ ನೀಗ್ರೋ ಸದರ್ನ್ ಲೀಗಿನಲ್ಲಿ ಆಡುತ್ತಿತ್ತು, ಟೂರಿಸ್ಟ್ಸ್ ಹೊರಗೂರಿಗೆ ಹೋದಾಗ ಇದೇ ಹುಲ್ಲಿನ ಮೇಲೆ. 1948ರ ವಸಂತದಲ್ಲಿ ಬ್ರೂಕ್ಲಿನ್ ಡಾಜರ್ಸ್ ಬಂತು. ಜೊತೆಗೆ ಮೇಜರ್ ಲೀಗಿನ ಬಣ್ಣದ ಬೇಲಿಯನ್ನು ಹಿಂದಿನ ವರ್ಷವಷ್ಟೇ ಮುರಿದಿದ್ದ ಜಾಕಿ ರಾಬಿನ್ಸನ್. ಮೈದಾನದೊಳಗೆ ರಾಬಿನ್ಸನ್ ಬಿಳಿಯರ ಜೊತೆ ಆಡುತ್ತಿದ್ದರೆ, ಅವನನ್ನು ನೋಡಲು ಬಂದ ಕರಿಯ ಜನ ಬೇರೆಯದೇ ಆಸನಗಳಲ್ಲಿ ಕೂರಬೇಕಿತ್ತು. ಇಂಥ ಸಣ್ಣ ಮೈದಾನಗಳ ಹಳೆಯ ಮಧುರ ದಿನಗಳ ಬಗ್ಗೆ ಬರೆಯುವವರು ಈ ಭಾಗವನ್ನು ಹಾರಿಸಿಬಿಡುವುದುಂಟು.

ಎರಡನೇ ಮಹಾಯುದ್ಧದ ನಂತರ ಮೈನರ್ ಲೀಗಿಗೆ ಸುಗ್ಗಿ. 1949ರಲ್ಲಿ ದೇಶದಾದ್ಯಂತ 59 ಲೀಗುಗಳಿದ್ದವು. ಆಮೇಲೆ ಮನೆಮನೆಗೆ ಟಿವಿ ಬಂತು. ನ್ಯೂಯಾರ್ಕಿನ ಆಟವೇ ಸೋಫಾದ ಮುಂದೆ ನಡೆಯುವಾಗ ಸೊಳ್ಳೆ ಕಚ್ಚಿಸಿಕೊಂಡು ಊರಿನ ಆಟ ನೋಡುವವರು ಯಾರು? 1950ರ ದಶಕದ ನಡುವೆ ಆಶ್‌ವಿಲ್ ತಂಡವೂ ಬಾಗಿಲು ಹಾಕಿತು. ಖಾಲಿ ಮೈದಾನವನ್ನು ಏನು ಮಾಡುವುದು? ಅಂಚಿನಲ್ಲಿ ಕಾಲು ಮೈಲಿಯ ಟ್ರ್ಯಾಕ್ ಹಾಕಿ ಕಾರ್ ರೇಸ್ ನಡೆಸಿದರು. 1958ರ ಜುಲೈನಲ್ಲಿ ನಾಸ್ಕಾರ್‌ನ ದೊಡ್ಡ ರೇಸೇ ಇಲ್ಲಿ ನಡೆಯಿತು. ಅವತ್ತು ಲೀ ಪೆಟಿಯ ಕಾರು ನೇರವಾಗಿ ಆಟಗಾರರು ಕೂರುವ ಡಗೌಟಿಗೇ ನುಗ್ಗಿತು. ಡಗೌಟಿನಲ್ಲಿ ಆಟಗಾರರಿರಲಿಲ್ಲ ಎಂಬುದೇ ಪುಣ್ಯ. ಮರುವರ್ಷ ಬೇಸ್‌ಬಾಲ್ ವಾಪಸು ಬಂತು.

1970ರ ದಶಕದ ಮೊದಲಲ್ಲಿ ತಂಡ ಬಾಲ್ಟಿಮೋರ್ ಓರಿಯೋಲ್ಸ್‌ನ ಕೈಕೆಳಗಿತ್ತು. ಮ್ಯಾನೇಜರ್ ಕ್ಯಾಲ್ ರಿಪ್ಕೆನ್. ಬ್ಯಾಟುಗಳನ್ನು ಎತ್ತಿಡುವ ಕೆಲಸಕ್ಕೆ ಆತನ ಮಗ, ಅದೇ ಹೆಸರಿನ ಕ್ಯಾಲ್ ರಿಪ್ಕೆನ್ ಜೂನಿಯರ್, ಆಗ ಹನ್ನೆರಡರ ಆಸುಪಾಸಿನ ಹುಡುಗ. ಒಂದು ದಿನ ಅಭ್ಯಾಸದ ವೇಳೆ ಗುಡ್ಡದ ಕಡೆಯಿಂದ ಯಾರೋ ಗುಂಡು ಹಾರಿಸಿದರು. ಡಗ್ ಡಿಸಿನ್ಸಸ್ ಎಂಬ ಆಟಗಾರ ಹುಡುಗನನ್ನು ಹಿಡಿದೆಳೆದು ಡಗೌಟಿಗೆ ಓಡಿದ. ಮುಂದೆ ಆ ಹುಡುಗ ಒಂದೂ ಪಂದ್ಯ ತಪ್ಪಿಸದೆ ಸತತ 2,632 ಪಂದ್ಯ ಆಡಿ, ಮುರಿಯಲಾರದ್ದೆಂದು ಎಲ್ಲರೂ ನಂಬಿದ್ದ ಗೆರಿಗ್ ದಾಖಲೆಯನ್ನು ಮುರಿದ.

1988ರಲ್ಲಿ 'ಬುಲ್ ಡರ್ಹಮ್' ಸಿನಿಮಾ ಬಂತು. ನಿರ್ದೇಶಕ ರಾನ್ ಶೆಲ್ಟನ್ ತಾನೇ ಮೈನರ್ ಲೀಗಿನಲ್ಲಿ ಆಡಿ, ಮೇಲೇರಲಾಗದೆ ಬಿಟ್ಟವನು. ಚಿತ್ರದ ಕೊನೆಗೆ ವಯಸ್ಸಾದ ನಾಯಕ ತನ್ನ ದಾಖಲೆಯ ಹೋಮ್ ರನ್ ಹೊಡೆಯುವುದು ಟೂರಿಸ್ಟ್ಸ್ ಅಂಗಿ ತೊಟ್ಟು, ಇದೇ ಮೆಕಾರ್ಮಿಕ್ ಫೀಲ್ಡಿನಲ್ಲಿ. ಆ ದೃಶ್ಯದಲ್ಲಿ ಕಾಣುವ ಮರದ ಗ್ಯಾಲರಿ ಈಗಿಲ್ಲ. 1992ರಲ್ಲಿ ಅದನ್ನು ಕೆಡವಿ ಇಟ್ಟಿಗೆ, ಕಾಂಕ್ರೀಟಿನಲ್ಲಿ ಹೊಸದು ಕಟ್ಟಿದರು. ಮೈನರ್ ಲೀಗಿಗೆ ಹೊಸ ತಲೆಮಾರಿನ ನೋಡುಗರನ್ನು ತಂದುಕೊಟ್ಟದ್ದರಲ್ಲಿ ಆ ಸಿನಿಮಾದ ಪಾಲು ದೊಡ್ಡದು.

ಇನ್ನೊಂದು ಪಾಲು ಬಿಯರಿನದು. ಗುರುವಾರ ಬಾಯಾರಿದವರ ದಿನ ಎಂದು ಅಗ್ಗದ ದರಕ್ಕೆ ಬಿಯರ್ ಮಾರುವ ಪದ್ಧತಿ, ಇಂಗ್ಲಿಷಿನಲ್ಲಿ 'ಥರ್ಸ್ಟಿ ಥರ್ಸ್‌ಡೇ', ಈಗ ದೇಶದ ತುಂಬ ಇದೆ. ಅದು 1980ರ ದಶಕದಲ್ಲಿ ಹುಟ್ಟಿದ್ದು ಈ ಮೈದಾನದಲ್ಲಿ, ಬೇಸ್‌ಬಾಲಿನಲ್ಲಿ ಆ ಹೆಸರಿನ ಟ್ರೇಡ್‌ಮಾರ್ಕ್ ಕೂಡ ಟೂರಿಸ್ಟ್ಸ್‌ನವರದೇ. ನಾವು ಹೋದ ದಿನ ಬಿಯರಿನ ಸಾಲು ಟಿಕೆಟ್ ಸಾಲಿಗಿಂತ ಉದ್ದವಿತ್ತು. ಇನಿಂಗ್ಸುಗಳ ನಡುವೆ ಕರಡಿ ವೇಷದವನು ಕುಣಿಯುತ್ತಾನೆ. ಪ್ರೇಕ್ಷಕರಲ್ಲಿ ಇಬ್ಬರನ್ನು ಕರೆದು, ಬ್ಯಾಟಿಗೆ ಹಣೆ ಒತ್ತಿ ಗಿರಗಿರ ತಿರುಗಿಸಿ, ಓಡಿ ಎನ್ನುತ್ತಾರೆ. ಅವರು ಅಡ್ಡಾದಿಡ್ಡಿ ಓಡಿ ಬೀಳುತ್ತಾರೆ, ಜನ ನಗುತ್ತಾರೆ. ಏಳನೇ ಇನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು 1908ರ ಹಳೆಯ ಬೇಸ್‌ಬಾಲ್ ಹಾಡು ಹಾಡುತ್ತಾರೆ. ಅಂಕಣದ ಆಚೆ ಬಿದ್ದ ಚೆಂಡು ಹಿಡಿದವನದೇ. ಒಬ್ಬ ಅಜ್ಜಿ ತನಗೆ ಸಿಕ್ಕಿದ್ದನ್ನು ಹಿಂದಿನ ಸಾಲಿನ ಅಪರಿಚಿತ ಮಗುವಿಗೆ ಕೊಟ್ಟುಬಿಟ್ಟರು. ಇಲ್ಲಿನ ಸ್ಕೋರ್‌ಬೋರ್ಡಿನ ಮೇಲೆ ಹಿಂದೆ ಎರಡೇ ಹೆಸರು ಇರುತ್ತಿದ್ದವಂತೆ: ಮೇಲೆ ವಿಸಿಟರ್ಸ್, ಕೆಳಗೆ ಟೂರಿಸ್ಟ್ಸ್. ಊರಿನವರು ಯಾರೂ ಆಡುತ್ತಿಲ್ಲ ಎಂದು ಹೊಸಬರು ತಿಳಿದರೆ ತಪ್ಪೇನಲ್ಲ, ಮೇಲಿನ ಲೆಕ್ಕ ನೋಡಿದರೆ ಅದು ನಿಜವೇ.

ಈ ನಗುವಿನ ಹಿಂದೆ ಒಂದು ಬೆದರಿಕೆ ಇದೆ. 2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್ ಆಟವೇ ನಡೆಯಲಿಲ್ಲ. ಆ ವರ್ಷದ ಕೊನೆಗೆ ದೊಡ್ಡ ಲೀಗ್ ತನ್ನ ಆಶ್ರಯದ 160 ತಂಡಗಳನ್ನು 120ಕ್ಕೆ ಇಳಿಸಿತು. ನಲವತ್ತಕ್ಕೂ ಹೆಚ್ಚು ಊರುಗಳು ಒಂದೇ ಏಟಿಗೆ ಏಣಿಯಿಂದ ಕೆಳಗೆ ಬಿದ್ದವು. 1939ರಿಂದ ನಡೆದುಬಂದಿದ್ದ ನ್ಯೂಯಾರ್ಕ್-ಪೆನ್ ಲೀಗ್ ಇಲ್ಲವಾಯಿತು. ಬೇರೆ ಉದ್ಯಮವಾಗಿದ್ದರೆ ಸ್ಪರ್ಧಾ ಕಾನೂನು ಅಡ್ಡ ಬರುತ್ತಿತ್ತು. ಬೇಸ್‌ಬಾಲಿಗೆ ಮಾತ್ರ 1922ರ ಸುಪ್ರೀಂ ಕೋರ್ಟ್ ತೀರ್ಪಿನ ರಕ್ಷೆ ಇದೆ. ಅದು ಅಂತರರಾಜ್ಯ ವ್ಯಾಪಾರವೇ ಅಲ್ಲ ಎಂದು ಅಂದಿನ ನ್ಯಾಯಮೂರ್ತಿಗಳು ಹೇಳಿದ್ದರು.

ಉಳಿದ 120 ಊರುಗಳಿಗೂ ಷರತ್ತುಗಳ ಪಟ್ಟಿ ಬಂತು. ಆಟಗಾರರ ಕೋಣೆ ಇಷ್ಟು ದೊಡ್ಡದಿರಬೇಕು, ಮಹಿಳಾ ಸಿಬ್ಬಂದಿಗೆ ಪ್ರತ್ಯೇಕ ಕೋಣೆ ಬೇಕು, ದೀಪ ಇಷ್ಟು ಬೆಳಕು ಕೊಡಬೇಕು, ಅಭ್ಯಾಸದ ಜಾಗ ಮುಚ್ಚಿರಬೇಕು. ಅರ್ಧಕ್ಕರ್ಧ ನ್ಯಾಯವಾದ ಬೇಡಿಕೆಗಳೇ. ಖರ್ಚು ಮಾತ್ರ ಊರಿನದು. ಗುಡ್ಡದ ಸಂದಿಯಲ್ಲಿ ಸಿಕ್ಕಿಕೊಂಡ ಮೆಕಾರ್ಮಿಕ್ ಫೀಲ್ಡಿಗೆ ಸುಮಾರು 3.75 ಕೋಟಿ ಡಾಲರಿನ ಅಂದಾಜು ಬಂತು. 2023ರಲ್ಲಿ ಆಶ್‌ವಿಲ್ ನಗರಸಭೆಯಲ್ಲಿ ಚರ್ಚೆ ಕಾವೇರಿತು. ಮನೆ ಬಾಡಿಗೆ ಕಟ್ಟಲಾಗದ ಜನರಿರುವ ಊರಿನಲ್ಲಿ ಬೇಸ್‌ಬಾಲಿಗೆ ಇಷ್ಟು ಹಣವೇ ಎಂದು ಕೇಳಿದವರಿದ್ದರು. ಕೊನೆಗೆ ನಗರಸಭೆ ವರ್ಷಕ್ಕೆ 8,75,000 ಡಾಲರಿನಂತೆ ಇಪ್ಪತ್ತು ವರ್ಷ ಕೊಡಲು ಒಪ್ಪಿತು, ಕೌಂಟಿಯೂ ಕೈಜೋಡಿಸಿತು. ದೊಡ್ಡ ಪಾಲು ಬಂದದ್ದು ಹೋಟೆಲ್ ಕೋಣೆಗಳ ಮೇಲೆ ವಿಧಿಸುವ ತೆರಿಗೆಯ ನಿಧಿಯಿಂದ. ಅಂದರೆ ಟೂರಿಸ್ಟ್ಸ್ ತಂಡವನ್ನು ಉಳಿಸಿಕೊಂಡದ್ದು ನಿಜವಾದ ಟೂರಿಸ್ಟುಗಳು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಇದೇ ಊರಿನ ನದಿದಂಡೆಯ ಬಡಾವಣೆಗಳನ್ನು ಕೊಚ್ಚಿಕೊಂಡು ಹೋಯಿತು. ನಲ್ಲಿಯಲ್ಲಿ ಕುಡಿಯುವ ನೀರು ಬರಲು ನವೆಂಬರ್ ನಡುವಿನವರೆಗೂ ಕಾಯಬೇಕಾಯಿತು. ಅಂಥ ಊರಿನ ಖಜಾನೆಯಲ್ಲಿ ಒಂದೊಂದು ಡಾಲರಿಗೂ ಹತ್ತು ಹಕ್ಕುದಾರರು.

ಕೊಡುವುದಿಲ್ಲ ಎಂದ ಊರುಗಳ ಗತಿ ಏನಾಯಿತು? ಇದೇ ಲೀಗಿನಲ್ಲಿದ್ದ ಜಾರ್ಜಿಯಾದ ಸವಾನ್ನಾ ಹೊಸ ಮೈದಾನ ಕಟ್ಟಲು ಒಪ್ಪಲಿಲ್ಲ. 2015ರ ನಂತರ ತಂಡ ಗಂಟುಮೂಟೆ ಕಟ್ಟಿತು. ಖಾಲಿ ಬಿದ್ದ ಗ್ರೇಸನ್ ಸ್ಟೇಡಿಯಂಗೆ 2016ರಲ್ಲಿ ಸವಾನ್ನಾ ಬನಾನಾಸ್ ಎಂಬ ತಂಡ ಬಂತು. ಹಳದಿ ಉಡುಪು, ಕುಣಿಯುವ ಆಟಗಾರರು, ತಮ್ಮದೇ ತಿರುಚಿದ ನಿಯಮಗಳು. ಈಗ ಅವರಿಗೆ ಮೇಜರ್ ಲೀಗಿನ ದೊಡ್ಡ ಕ್ರೀಡಾಂಗಣಗಳೂ ಸಾಲುವುದಿಲ್ಲ. ಸವಾನ್ನಾದ ಅದೃಷ್ಟ ಎಲ್ಲರಿಗೂ ಒಲಿಯುವಂಥದ್ದಲ್ಲ.

ರೋಡ್ ಐಲೆಂಡಿನ ಪಾಟಕೆಟ್ ಊರಿಗಂತೂ ಒಲಿಯಲಿಲ್ಲ. ಅಲ್ಲಿನ ಮೆಕಾಯ್ ಸ್ಟೇಡಿಯಂ 1942ರದು. ವೃತ್ತಿಪರ ಬೇಸ್‌ಬಾಲಿನ ಅತಿ ದೀರ್ಘ ಪಂದ್ಯ ನಡೆದದ್ದು ಅಲ್ಲಿ. 1981ರ ಏಪ್ರಿಲ್ 18, ಈಸ್ಟರ್ ಹಿಂದಿನ ಶನಿವಾರ ರಾತ್ರಿ. ರೋಚೆಸ್ಟರ್ ವಿರುದ್ಧ ಒಂಬತ್ತು ಇನಿಂಗ್ಸಿಗೆ ಸಮ. ಇಪ್ಪತ್ತೊಂದಕ್ಕೂ ಸಮ. ಚಳಿ ತಡೆಯಲಾರದೆ ಆಟಗಾರರು ಮುರಿದ ಬ್ಯಾಟುಗಳನ್ನು ಡ್ರಮ್ಮಿನಲ್ಲಿ ಸುಟ್ಟು ಮೈ ಕಾಯಿಸಿಕೊಂಡರು. ಇಷ್ಟು ಹೊತ್ತಿನ ನಂತರ ನಿಲ್ಲಿಸಬೇಕೆಂಬ ನಿಯಮ ಅಂಪೈರುಗಳ ಕೈಲಿದ್ದ ಪುಸ್ತಕದಿಂದ ಬಿಟ್ಟುಹೋಗಿತ್ತು, ಆದ್ದರಿಂದ ಅವರು ನಿಲ್ಲಿಸಲೂ ಒಪ್ಪಲಿಲ್ಲ. ಲೀಗಿನ ಅಧ್ಯಕ್ಷರನ್ನು ಫೋನಿನಲ್ಲಿ ಎಬ್ಬಿಸಿ, 32 ಇನಿಂಗ್ಸ್ ಮುಗಿದ ಮೇಲೆ, ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ಆಟ ನಿಲ್ಲಿಸಿದಾಗ ಸ್ಕೋರು 2-2. ಪಂದ್ಯದ ಆರಂಭದಲ್ಲಿ ಇದ್ದ 1,740 ಜನರಲ್ಲಿ ಉಳಿದಿದ್ದವರು 19. ಆಶ್‌ವಿಲ್ಲಿನಲ್ಲಿ ಬ್ಯಾಟು ಎತ್ತಿಡುತ್ತಿದ್ದ ರಿಪ್ಕೆನ್ ಅಂದು ರೋಚೆಸ್ಟರ್ ಪರ ಆಡುತ್ತಿದ್ದ. ಜೂನ್ 23ಕ್ಕೆ ಆಟ ಮುಂದುವರಿಯಿತು. ಮೇಜರ್ ಲೀಗಿನಲ್ಲಿ ಆಗ ಮುಷ್ಕರ, ಹೀಗಾಗಿ ದೇಶದ ಪತ್ರಕರ್ತರೆಲ್ಲ ಪಾಟಕೆಟ್ಟಿಗೆ ಬಂದಿಳಿದಿದ್ದರು. ಅವರು ಕೂರುವಷ್ಟರಲ್ಲಿ ಮುಗಿಯಿತು. 33ನೇ ಇನಿಂಗ್ಸಿಗೆ ಹಿಡಿದದ್ದು 18 ನಿಮಿಷ, ಪಾಟಕೆಟ್ 3-2ರಿಂದ ಗೆದ್ದಿತು. ಇಂಥ ಮೈದಾನವಿದ್ದ ಊರಲ್ಲಿ ಹೊಸ ಕ್ರೀಡಾಂಗಣದ ಮಾತುಕತೆ ವರ್ಷಗಟ್ಟಲೆ ಎಳೆದಾಡಿ ಮುರಿದುಬಿತ್ತು. 2021ರಿಂದ ತಂಡ ಮ್ಯಾಸಚೂಸೆಟ್ಸಿನ ವೂಸ್ಟರ್‌ನಲ್ಲಿ ಆಡುತ್ತಿದೆ. ಮೆಕಾಯ್ ಸ್ಟೇಡಿಯಂ ಅನ್ನು 2025ರಲ್ಲಿ ಕೆಡವಲು ತೊಡಗಿದರು, ಅಲ್ಲಿ ಹೈಸ್ಕೂಲು ಬರಲಿದೆ.

ಇನ್ನೊಂದು ಸಣ್ಣ ಮೈದಾನದ ಗತಿ ನಮಗೆ ಹತ್ತಿರದ್ದು. ಟೆಕ್ಸಾಸಿನ ಗ್ರ್ಯಾಂಡ್ ಪ್ರೇರಿಯಲ್ಲಿ 2008ರಲ್ಲಿ ಏರ್‌ಹಾಗ್ಸ್ ಎಂಬ ಬೇಸ್‌ಬಾಲ್ ತಂಡಕ್ಕಾಗಿ ಒಂದು ಮೈದಾನ ಕಟ್ಟಿದ್ದರು. ಯಾವ ಮೇಜರ್ ಕ್ಲಬ್ಬಿನ ಆಶ್ರಯವೂ ಇಲ್ಲದ ಸ್ವತಂತ್ರ ಲೀಗಿನ ತಂಡ ಅದು. 2020ರ ಹೊತ್ತಿಗೆ ಕಣ್ಮರೆಯಾಯಿತು. ಬೇಸ್‌ಬಾಲಿನ ಮೂಲೆಯಾಕಾರದ ಮೈದಾನವನ್ನು ಅಗೆದು, ನಡುವೆ ಪಿಚ್ ಹಾಕಿ, ಸುತ್ತ ಬೌಂಡರಿ ಎಳೆದು ಕ್ರಿಕೆಟ್ ಕ್ರೀಡಾಂಗಣ ಮಾಡಿದರು. 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾದದ್ದು ಅಲ್ಲೇ. 2024ರ ಜೂನ್ 6ರಂದು ಟಿ20 ವಿಶ್ವಕಪ್ಪಿನಲ್ಲಿ ಅಮೆರಿಕ ಸೂಪರ್ ಓವರಿನಲ್ಲಿ ಪಾಕಿಸ್ತಾನವನ್ನು ಮಣಿಸಿದ್ದೂ ಅಲ್ಲೇ. ಅವತ್ತು 30 ರನ್ನಿಗೆ 3 ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನೋಸ್ತುಷ್ ಕೆಂಜಿಗೆ ಅಲಬಾಮಾದಲ್ಲಿ ಹುಟ್ಟಿ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದು, ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಬೌಲಿಂಗ್ ಮಾಡಿ ಹೋದವರು. ಬೇಸ್‌ಬಾಲ್ ಬಿಟ್ಟುಹೋದ ನೆಲದಲ್ಲಿ ಮಲೆನಾಡಿನ ಹುಡುಗ ಅಮೆರಿಕಕ್ಕೆ ಗೆಲುವು ತಂದ.

ಆಶ್‌ವಿಲ್ ಕೊಟ್ಟ ಹಣ ವ್ಯರ್ಥವೇ? ಕ್ಲಬ್ಬುಗಳ ಒತ್ತಡಕ್ಕೆ ಊರು ಮಣಿಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೋಟ್ಯಂತರ ಡಾಲರ್ ಲಾಭದ ಲೀಗ್ ತನ್ನ ತರಬೇತಿ ಶಾಲೆಯ ಕಟ್ಟಡದ ಬಿಲ್ಲನ್ನು ಬಡ ನಗರಸಭೆಗಳ ತಲೆಗೆ ಕಟ್ಟುವುದು ಅನ್ಯಾಯವೇ. ಆದರೂ ಆ ನಗರಸಭೆಯಲ್ಲಿ ನಾನು ಇದ್ದಿದ್ದರೆ ಕೈ ಎತ್ತುತ್ತಿದ್ದೆ. ಹಣವಿದ್ದವನೂ ಇಲ್ಲದವನೂ ಒಂದೇ ಬೆಂಚಿನಲ್ಲಿ ಮೂರು ಗಂಟೆ ಕೂರುವ ಜಾಗಗಳು ಆ ದೇಶದಲ್ಲಿ ಹೆಚ್ಚಿಲ್ಲ.

ಷಾರ್ಲೆಟ್, ರಾಲಿ ಕಡೆ ಮಕ್ಕಳ ಮನೆಗೆ ಹೋಗುವ ಕನ್ನಡಿಗರು ಈಗ ಬಹಳ. ನಯಾಗರ, ವಾಷಿಂಗ್ಟನ್ ನೋಡಿ ಮುಗಿದ ಮೇಲೆ ಒಂದು ಸಂಜೆ ಇಲ್ಲಿಗೂ ಹೋಗಿ. ಷಾರ್ಲೆಟ್‌ನಿಂದ ಎರಡು ಗಂಟೆ, ರಾಲಿಯಿಂದ ನಾಲ್ಕು. ಆಟಕ್ಕೆ ಮೊದಲೇ ತಲುಪಿ ಬೇಲಿಯ ಬಳಿ ನಿಂತರೆ ಆಟಗಾರರು ಮಕ್ಕಳಿಗೆ ಸಹಿ ಹಾಕಿಕೊಡುತ್ತಾರೆ. ಸಂಜೆ ಬೆಟ್ಟದ ಗಾಳಿ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ಏಪ್ರಿಲಿನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಆಟಗಳಿರುತ್ತವೆ, ಒಂದು ವಾರ ಊರಲ್ಲಿ, ಒಂದು ವಾರ ಹೊರಗೆ. ಸೋಮವಾರ ಸಾಮಾನ್ಯವಾಗಿ ರಜೆ.